ಸುಳಿ ಮುಚ್ಚಬೇಡ

ಭಾನುವಾರ, ಮಧ್ಯಾಹ್ನ

ಆ ಮನೆಯ ಈಗಿನ ಯಜಮಾನಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿ ವಾರವಾಯಿತು. ಉತ್ತರ ತಡವಾದದ್ದಕ್ಕೆ ಅರ್ಧ ಕಾರಣ ನಮ್ಮ ಆಫೀಸು. ನಾನು ನೀರು ಸರಬರಾಜು ಕೇಂದ್ರದ ಪ್ರಯೋಗಾಲಯದಲ್ಲಿರುವುದು ನಿಮಗೆ ಗೊತ್ತೇ ಇದೆ. ಊರಿನವರು ಬರೆಯುವ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ನಲ್ಲಿ ನೀರು ವಾಸನೆ ಹೊಡೆಯುತ್ತಿದೆ, ನೀರಿನಲ್ಲಿ ಹುಳ ಬಂತು, ಬಿಳಿ ಬಟ್ಟೆ ಕೆಂಪಗಾಯಿತು. ನಿಮ್ಮ ಪತ್ರದ ಮೊದಲ ಸಾಲು ‘ನೀರು ಮತ್ತೆ ಮತ್ತೆ ಹಸಿರಾಗುತ್ತಿದೆ’ ಎಂದಿತ್ತು. ಇದೂ ಯಾವುದೋ ಬಡಾವಣೆಯ ದೂರು ಎಂದುಕೊಂಡು ಆ ಕಟ್ಟಿಗೇ ಸೇರಿಸಿಟ್ಟೆ. ಮರುದಿನ ಮತ್ತೆ ತೆಗೆದು ಓದುವಾಗ ‘ಹಿತ್ತಲಿನ ಕೊಳ’ ಎಂಬ ಮಾತು ಕಣ್ಣಿಗೆ ಬಿತ್ತು. ಆಮೇಲೆ ಆ ದಿನ ಬೇರೆ ಕಾಗದ ಓದಲಾಗಲಿಲ್ಲ. ಉಳಿದ ಅರ್ಧ ಕಾರಣ ಇದು.

ಫೋನಿನಲ್ಲಿ ಮಾತಾಡುವ ಧೈರ್ಯ ಬರಲಿಲ್ಲ, ಅದಕ್ಕೆ ಪತ್ರ ಎಂದು ಬರೆದಿದ್ದೀರಿ. ಒಳ್ಳೆಯದೇ ಮಾಡಿದಿರಿ. ನನ್ನ ಬಾಯಿ ಎಂಥದ್ದೆಂದು ನಿಮ್ಮ ಮನೆಯವರು ನಿಮಗೆ ಹೇಳಿಯೇ ಇರುತ್ತಾರೆ. ಪತ್ರವಾದರೆ ಬರೆದದ್ದನ್ನು ಒಮ್ಮೆ ಓದಿಕೊಂಡು, ಮುಳ್ಳು ಆರಿಸಿ ಕಳಿಸಬಹುದು. ಎಲ್ಲ ಮುಳ್ಳನ್ನೂ ಆರಿಸಿದ್ದೇನೆ ಎಂದು ಮಾತು ಕೊಡಲಾರೆ.

ನೀವು ನನ್ನನ್ನು ‘ಅಕ್ಕ’ ಎಂದು ಕರೆದಿದ್ದೀರಿ. ಆ ಒಂದು ಪದದ ಮುಂದೆ ಬಹಳ ಹೊತ್ತು ಕೂತೆ. ಗಂಡನ ಮೊದಲನೆಯವಳಿಗೆ ಎರಡನೆಯವಳು ಏನಾಗಬೇಕು ಎಂದು ನಮ್ಮ ಭಾಷೆಯನ್ನು ಕೇಳಿದರೆ ಅದು ಸವತಿ ಎಂಬ ಒಂದೇ ಮಾತು ಕೊಡುತ್ತದೆ. ಅದು ಒಂದೇ ಸೂರಿನ ಕೆಳಗೆ ಕಿತ್ತಾಡುವವರಿಗೆ. ಹೋದವಳಿಗೂ ಬಂದವಳಿಗೂ ಏನು ನಂಟು ಎನ್ನುವುದಕ್ಕೆ ಅದರಲ್ಲಿ ಪದವಿಲ್ಲ. ಪದ ಇಲ್ಲದ ಕಡೆಯೆಲ್ಲ ಅಕ್ಕ ಎಂದು ತುಂಬಿಸಿಬಿಡುವುದು ತರಕಾರಿ ಮಾರುವವರ ರೂಢಿ, ‘ಬನ್ನಿ ಅಕ್ಕ, ತಗೊಳ್ಳಿ ಅಕ್ಕ’ ಅಂತ. ಬೇಜಾರು ಮಾಡಿಕೊಳ್ಳಬೇಡಿ. ಸದ್ಯಕ್ಕೆ ನಾನು ಯಜಮಾನಿಯವರೆ ಎಂದೇ ಬರೆಯುತ್ತೇನೆ.

ಇನ್ನೊಂದು ಮಾತನ್ನೂ ನೀವು ಕಡ್ಡಿ ಮುರಿದಂತೆ ಬರೆದಿದ್ದೀರಿ. ಈ ಬೇಸಿಗೆ ರಜೆಯಲ್ಲಿ ನನ್ನ ಮಗಳಿಗೆ ಹನ್ನೆರಡು ತುಂಬುತ್ತದೆ. ಆಗ ಅವಳನ್ನು ಕೂರಿಸಿಕೊಂಡು, ಅಪ್ಪನ ಹತ್ತಿರ ಇರುತ್ತೀಯೋ ಅಮ್ಮನ ಹತ್ತಿರವೋ ಎಂದು ಇನ್ನೊಮ್ಮೆ ಕೇಳಬೇಕೆಂದು ನಾವು ಬೇರೆಯಾದಾಗಲೇ ಒಪ್ಪಂದವಾಗಿತ್ತು. ಕೊಳ ಉಳಿಯದಿದ್ದರೆ ಅವಳು ನನ್ನ ಹತ್ತಿರ ಹೊರಟುಬಿಡುತ್ತಾಳೆ ಎಂದು ಅವರು ನಿಮಗೆ ಹೇಳಿದ್ದಾರೆ. ಅಷ್ಟು ಗೊತ್ತಿದ್ದೂ, ಕೊಳದ ಗಿಡಗಳನ್ನು ಉಳಿಸುವುದು ಹೇಗೆಂದು ನೀವು ನನ್ನನ್ನೇ ಕೇಳುತ್ತಿದ್ದೀರಿ. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯಿತು. ‘ನನಗೆ ಕೇಳೋಕೆ ಬೇರೆ ಯಾರೂ ಇಲ್ಲ’ ಎಂದಿದ್ದೀರಿ. ಇದು ಪೆದ್ದುತನವೋ ಜಾಣತನವೋ ನನಗಿನ್ನೂ ಬಗೆಹರಿದಿಲ್ಲ.

ಮೊದಲ ಸಲ ಕೇಳಿದಾಗ ಏನಾಯಿತೆಂದು ಅವರು ಹೇಳಿದ್ದಾರೋ ಇಲ್ಲವೋ. ಅವಳಿಗಾಗ ಏಳು ವರ್ಷ. ಗೋಡೆಗೆ ತಿಳಿಹಸಿರು ಬಣ್ಣ ಬಳಿದ ಕೋರ್ಟಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು. ನಾನು ಒಂದು ಕಡೆ, ಅವರು ಒಂದು ಕಡೆ. ನಡುವೆ ಒಬ್ಬ ವಯಸ್ಸಾದ ಹೆಂಗಸು, ಇಂಥದ್ದನ್ನೆಲ್ಲ ಕೇಳುವುದೇ ಅವರ ಕೆಲಸ. ‘ಯಾರ ಹತ್ರ ಇರ್ತೀಯ ಪುಟ್ಟಿ?’ ಎಂದರು. ನನ್ನ ಮಗಳು ಕಾಲು ಆಡಿಸುತ್ತ ಯೋಚಿಸಿ ‘ಕೊಳದ ಹತ್ರ’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊಳ ಎಲ್ಲಿದೆ ಎಂದು ಆ ಹೆಂಗಸು ಕೇಳಿದರು. ಅಪ್ಪನ ಮನೆಯ ಹಿತ್ತಲಿನಲ್ಲಿ. ಹಾಗೆಂದೇ ಬರೆದುಕೊಂಡರು. ನಾನೇ ತೋಡಿದ ಕೊಳ ಯಜಮಾನಿಯವರೆ, ನನ್ನ ಮಗಳನ್ನು ಇಟ್ಟುಕೊಂಡುಬಿಟ್ಟಿತು.

ಈಗ ನಿಮ್ಮ ದೂರಿಗೆ ಬರುತ್ತೇನೆ. ಮಾಡಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ, ಅದು ನನಗೆ ಹಿಡಿಸಿತು. ಮದುವೆಯಾಗಿ ಬಂದ ಕೆಲವೇ ದಿನಕ್ಕೆ, ಮಗು ಶಾಲೆಗೆ ಹೋಗಿದ್ದಾಗ, ಕೊಳದ ನೀರೆಲ್ಲ ಎತ್ತಿ ಚೆಲ್ಲಿದಿರಿ. ತಳದ ಕೆಸರು ಬಳಿದಿರಿ. ಕಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿ ಬ್ಲೀಚಿಂಗ್ ಪುಡಿ ಹಾಕಿ ತೊಳೆದಿರಿ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಉಜ್ಜಿದ್ದು ಕೊಳವನ್ನೋ ನನ್ನನ್ನೋ ಎಂದು ಕೇಳುವುದಿಲ್ಲ. ಬರೀ ಕೊಳೆ ಎಂದುಕೊಂಡೆ ಎಂದು ನೀವು ಬರೆದದ್ದನ್ನು ನಂಬುತ್ತೇನೆ. ಆದರೆ ಕೊಳಕ್ಕೆ ಆ ಕೆಸರೇ ಅಡುಗೆಮನೆ. ಒಲೆ, ಪಾತ್ರೆ, ಬೇಳೆ, ಅಕ್ಕಿ ಎಲ್ಲ ಹೊರಗೆಸೆದು, ಮನೆ ಈಗ ಸ್ವಚ್ಛವಾಯಿತು, ಯಾರಿಗೂ ಹಸಿವಿಲ್ಲವಲ್ಲ ಎಂದ ಹಾಗೆ ಮಾಡಿದಿರಿ.

ಅವಳು ಶಾಲೆಯಿಂದ ಬಂದು, ಬ್ಯಾಗು ಹೆಗಲಿನಿಂದ ಇಳಿಸದೆ ನೋಡುತ್ತ ನಿಂತಳಂತೆ. ಅತ್ತಿದ್ದರೆ ಚೆನ್ನಾಗಿತ್ತು, ಅಳಲಿಲ್ಲ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ಎರಡು ಸಲ ಓದಲಿಲ್ಲ.

ಆಮೇಲಿನದೆಲ್ಲ ತಪ್ಪಿನ ಮೇಲೆ ತಪ್ಪು. ಹೊಸ ಗಿಡ ತಂದು ನರ್ಸರಿಯವರ ಕಪ್ಪು ಹಗುರ ಗೊಬ್ಬರಮಣ್ಣಿನಲ್ಲಿ ನೆಟ್ಟಿರಿ, ಅದು ಬೆಳಗಾಗುವಷ್ಟರಲ್ಲಿ ನೀರಿನ ಮೇಲೆ ತೇಲಿತು. ಚೆಂದ ಕಾಣಲಿ ಎಂದು ಕಾರಂಜಿ ಇಟ್ಟಿರಿ. ನೀರು ಹಸಿರಾದಾಗಲೆಲ್ಲ ನಲ್ಲಿ ಬಿಟ್ಟು ಬದಲಾಯಿಸಿದಿರಿ. ಅಷ್ಟಾದ ಮೇಲೆ ಅವರು ಯಾರದೋ ಮಾತು ಕೇಳಿ ಪಾಚಿ ಸಾಯಲೆಂದು ಮೈಲುತುತ್ತ ಸುರಿದರು, ಉಳಿದಿದ್ದ ಬಸವನಹುಳಗಳೂ ಹೋದವು. ಅವರ ಸ್ವಭಾವ ನನಗೆ ಗೊತ್ತು. ಕನ್ನಡಕದ ಅಂಗಡಿಯವರು. ಯಾವುದರ ಮೇಲೆ ಮಬ್ಬು ಕಂಡರೂ ಒರೆಸಿಯೇ ತೀರಬೇಕು.

ಮಾಡಬೇಕಾದದ್ದು ಇಷ್ಟು. ಮೈಲುತುತ್ತದ ನೀರನ್ನು ಪೂರ್ತಿ ತೆಗೆದುಬಿಡಿ, ಅದೇ ಕೊನೆಯ ಬದಲಾವಣೆ. ಹೊಸ ನೀರನ್ನು ನಲ್ಲಿಯಿಂದ ನೇರವಾಗಿ ಬಿಡಬೇಡಿ. ನಿಮ್ಮೂರಿನಲ್ಲೂ ನನ್ನಂಥವಳೊಬ್ಬಳು ದಿನವೂ ನೀರಿಗೆ ಕ್ಲೋರಿನ್ ಹಾಕುತ್ತಿರುತ್ತಾಳೆ. ಡ್ರಮ್ಮುಗಳಲ್ಲಿ ತುಂಬಿಸಿ, ಬಾಯಿ ತೆರೆದು, ಒಂದೆರಡು ದಿನ ಬಿಸಿಲಿಗಿಟ್ಟು ಆಮೇಲೆ ಸುರಿಯಿರಿ. ನೀರು ಮತ್ತೆ ಹಸಿರಾಗುತ್ತದೆ. ಆಗ ಕೈ ಕಟ್ಟಿ ಕೂರಬೇಕು. ಗಿಡಗಳು ಬೇರು ಬಿಟ್ಟು ನೀರಿನಲ್ಲಿರುವ ಸತ್ವವನ್ನೆಲ್ಲ ತಾವೇ ಉಣ್ಣತೊಡಗಿದ ಮೇಲೆ ಪಾಚಿಗೆ ತುತ್ತು ಸಿಗದೆ ಅದು ತಾನೇ ಸೋಲುತ್ತದೆ, ನೀರು ತಿಳಿಯಾಗುತ್ತದೆ. ನೀವು ಹೊಸ ನೀರು ಬಿಟ್ಟಾಗಲೆಲ್ಲ ಆ ಪಾಚಿಗೆ ಹೊಸದಾಗಿ ಎಲೆ ಹಾಕಿ ಬಡಿಸಿದ ಹಾಗೆ.

ಕಾರಂಜಿ ತೆಗೆಯಿರಿ. ನೈದಿಲೆಗೆ ಅಲುಗದ ನೀರು ಬೇಕು, ಎಲೆಯ ಮೇಲೆ ಹನಿ ಬೀಳುತ್ತಿದ್ದರೆ ಅದು ಸೊರಗುತ್ತದೆ. ಸ್ಕೂಟರಿಗೆ ನೆರಳೆಂದು ಅವರು ಹಾಕಿಸಿದ ತಗಡನ್ನೂ ತೆಗೆಸಿ, ಕೊಳಕ್ಕೆ ಅರ್ಧ ದಿನದ ಬಿಸಿಲಾದರೂ ಬೇಕು. ಅವರು ಒಪ್ಪದಿದ್ದರೆ ಸ್ಕೂಟರು ಹೂ ಬಿಡುವುದಿಲ್ಲ ಎಂದು ಹೇಳಿ. ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಬೆಕ್ಕಿನ ಬಾಲದ ಹಾಗಿರುವ ನೀರೊಳಗಿನ ಸೊಪ್ಪು ಸಿಗುತ್ತದೆ. ಒಂದೆರಡು ಹಿಡಿ ತಂದು ಸಣ್ಣ ಕಲ್ಲು ಕಟ್ಟಿ ಮುಳುಗಿಸಿ. ನೀರಿನ ಮೇಲೆ ತೇಲುವುದಕ್ಕೆ ಅಂತರಗಂಗೆ ಸ್ವಲ್ಪವೇ ಸಾಕು. ಅದು ನೆಂಟರ ಪೈಕಿ, ಬರುವಾಗ ಒಬ್ಬರೋ ಇಬ್ಬರೋ, ಆಮೇಲೆ ನಡುಮನೆ ತುಂಬ ಹಾಸಿಗೆ. ಕೊಳದ ಅರ್ಧಕ್ಕಿಂತ ಹೆಚ್ಚು ಹಬ್ಬಿದರೆ ಮುಲಾಜಿಲ್ಲದೆ ತೆಗೆದು ಗಿಡಗಳ ಬುಡಕ್ಕೆ ಹಾಕಿ.

ಹೊಸ ನೈದಿಲೆ ಗೆಡ್ಡೆ ಕೊಂಡು ತನ್ನಿ. ಮಣ್ಣು ಜಿಗುಟಾಗಿರಬೇಕು, ಹಿತ್ತಲಿನ ಮೂಲೆಯದೇ ಆದೀತು. ಗೊಬ್ಬರ ಬೆರೆಸಬೇಡಿ. ಅಗಲವಾದ ಬೇಸನ್ನಿನಲ್ಲಿ ಆ ಮಣ್ಣು ತುಂಬಿ, ಗೆಡ್ಡೆಯನ್ನು ಅಂಚಿನಲ್ಲಿ ಓರೆಯಾಗಿಟ್ಟು ಮಣ್ಣು ಮುಚ್ಚಿ, ಮೇಲೆ ಸಣ್ಣ ಜಲ್ಲಿ ಹರಡಿ, ನಿಧಾನವಾಗಿ ನೀರಿಗಿಳಿಸಿ.

ಇಷ್ಟು ಮಾಡಿ ನೋಡಿ. ಬೇರೇನೂ ಇಲ್ಲ.

ಇಂತಿ,
ಪ್ರಯೋಗಾಲಯದ ಮೇಲ್ವಿಚಾರಕಿ


ಬುಧವಾರ, ಕೆಲಸದಿಂದ ಬಂದ ಮೇಲೆ

ಮೇಲಿನ ಹಾಳೆಗಳನ್ನು ಭಾನುವಾರವೇ ಲಕೋಟೆಗೆ ಹಾಕಿ ಅಂಟಿಸಿದ್ದೆ. ಮೂರು ದಿನ ಕೈಚೀಲದಲ್ಲೇ ಓಡಾಡಿತು. ದಾರಿಯಲ್ಲಿ ಅಂಚೆ ಡಬ್ಬಿ ಇದೆ, ಅದರ ಮುಂದೆಯೇ ಹೋಗಿಬರುತ್ತೇನೆ, ಹಾಕಲಿಲ್ಲ. ಈಗ ಲಕೋಟೆ ಹರಿದು ಮುಂದುವರಿಸುತ್ತಿದ್ದೇನೆ.

ಭಾನುವಾರ ಒಂದು ಮಾತು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ. ನೈದಿಲೆ ಗೆಡ್ಡೆಯ ಒಂದು ತುದಿಯಲ್ಲಿ ಸುಳಿ ಇರುತ್ತದೆ, ಎಲೆ ಹೊರಡುವ ಜಾಗ. ಗೆಡ್ಡೆಯನ್ನು ಮುಚ್ಚಬೇಕು, ಸುಳಿಯನ್ನು ಮುಚ್ಚಬಾರದು. ಅದು ಮಣ್ಣಿನ ಮೇಲೆ, ಜಲ್ಲಿಯ ಮೇಲೆ, ಬೆಳಕಿಗೆ ಕಾಣುತ್ತಿರಬೇಕು. ಗೊತ್ತಿಲ್ಲದವರೆಲ್ಲ ಆಲೂಗೆಡ್ಡೆ ಹೂಳಿದ ಹಾಗೆ ಪೂರ್ತಿ ಹೂಳುತ್ತಾರೆ. ನೀವೂ ಹಾಗೆಯೇ ಮಾಡುತ್ತಿದ್ದಿರಿ, ಏಕೆಂದರೆ ನಾನು ‘ಮಣ್ಣು ಮುಚ್ಚಿ’ ಎಂದಷ್ಟೇ ಬರೆದೆ. ಒಳಗೊಳಗೇ ಕೊಳೆತು ಅದು ಕರಗಿಹೋಗುತ್ತಿತ್ತು. ರಜೆ ಬರುವ ಹೊತ್ತಿಗೆ ಕೊಳ ಬರಿದಾಗಿರುತ್ತಿತ್ತು. ನೀವು ನಿಮ್ಮ ಕೈಗುಣವನ್ನೇ ಹಳಿದುಕೊಳ್ಳುತ್ತಿದ್ದಿರಿ. ಮೇಲಾಗಿ ನನಗೊಂದು ಧನ್ಯವಾದದ ಪತ್ರವನ್ನೂ ಬರೆಯುತ್ತಿದ್ದಿರಿ.

ಆ ಹಾಳೆಯನ್ನು ಹರಿದುಹಾಕಿ, ಬೇರೆ ಬರೆದು, ದೊಡ್ಡ ಮನಸ್ಸಿನವಳ ಹಾಗೆ ಕಳಿಸಬಹುದಿತ್ತು. ಹಾಗೆ ಮಾಡಿದರೆ ನೀವು ನನ್ನನ್ನು ಸುಮ್ಮನೆ ನಂಬಿಬಿಡುತ್ತೀರಿ. ಯಾರನ್ನು ನಂಬುತ್ತಿದ್ದೀರಿ ಎಂದು ತಿಳಿದು ನಂಬಿ ಎಂದು ಅದನ್ನೂ ಇಟ್ಟಿದ್ದೇನೆ.

ನಿನ್ನೆ ಸಂಜೆ ಗೊದಮೊಟ್ಟೆ ಫೋನ್ ಮಾಡಿದ್ದಳು. ಮಗಳನ್ನು ನಾನು ಹಾಗೇ ಕರೆಯುವುದು. ನಡೆಯಲು ಕಲಿತಾಗಿನಿಂದ ಕಪ್ಪೆಮರಿಯ ಹಾಗೆ ದೊಡ್ಡ ತಲೆಯನ್ನು ನೀರಿನ ಮೇಲೆ ಬಗ್ಗಿಸಿಕೊಂಡೇ ಕೂತಿರುತ್ತಿದ್ದಳು, ಅದಕ್ಕೆ ಬಂದ ಹೆಸರು. ತಿಂಗಳಿಗೊಂದು ಭಾನುವಾರ ನಾನು ನಿಮ್ಮೂರಿಗೆ ಬಂದು, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವಳ ಜೊತೆ ಕೂತು ಹೋಗುತ್ತೇನಲ್ಲ, ಆಗೆಲ್ಲ ನನ್ನೂರಿಗೆ ಬಂದು ನಾಲ್ಕು ದಿನ ಇರು ಎಂದು ಕರೆದಿದ್ದೇನೆ. ‘ಕೊಳ ಯಾರು ನೋಡ್ಕೊಳ್ತಾರೆ?’ ಅನ್ನುತ್ತಿದ್ದಳು. ಒಂದು ಸಲವೂ ಬಂದವಳಲ್ಲ. ನಿನ್ನೆ ಅವಳಾಗಿಯೇ ‘ಅಮ್ಮಾ, ನಿನ್ನ ಮನೆಯಿಂದ ಶಾಲೆ ಎಷ್ಟು ದೂರ?’ ಎಂದು ಕೇಳಿದಳು. ಹತ್ತಿರಾನೇ, ನಡ್ಕೊಂಡೇ ಹೋಗ್ಬಹುದು ಎಂದೆ. ನಿಜ ಹೇಳುತ್ತೇನೆ, ಸೋಮವಾರವೇ ನಾನು ಅವಳ ಮಂಚ ಹಿಡಿಸುತ್ತದೋ ಇಲ್ಲವೋ ಎಂದು ಕಿಟಕಿಯ ಕೆಳಗಿನ ಗೋಡೆ ಅಳೆದು ಇಟ್ಟಿದ್ದೆ. ಅವಳು ‘ಹೂಂ’ ಎಂದಳು. ಆಮೇಲೆ, ‘ಕೊಳ ಹೋಯ್ತು. ಇನ್ನು ಎಲ್ಲಿದ್ರೇನು ಬಿಡು. ಅಲ್ಲಾದ್ರೂ ಅಷ್ಟೇ, ಇಲ್ಲಾದ್ರೂ ಅಷ್ಟೇ’ ಎಂದಳು.

ನನಗೆ ಬೇಕಾದದ್ದು ಇದೇ ತಾನೇ? ಐದು ವರ್ಷ ಕಾದದ್ದು ಇದಕ್ಕೇ. ಕೈಗೆ ಬಂದ ತುತ್ತು. ಆದರೆ ಅದನ್ನು ಬಾಯಿಗಿಡಲಾಗಲಿಲ್ಲ.

ಆ ಧ್ವನಿ ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಜಗಳವನ್ನೇ ಆಡಲಿಲ್ಲ, ಬರೀ ಉಂಡು ಮಲಗಿದೆವು. ನನಗೆ ಬಡ್ತಿಯ ಜೊತೆ ಈ ಊರಿಗೆ ವರ್ಗವಾದಾಗ ಅವರು ಅಂಗಡಿ ಬಿಟ್ಟು ಬರಲಾರೆ ಎಂದರು. ನಾನು ಕೆಲಸ ಬಿಡಲಾರೆ ಎಂದೆ. ಗಿರಾಕಿಗಳ ಕಣ್ಣಿಗೆ ಒಂದೊಂದೇ ಗಾಜು ಹಾಕಿ ‘ಇದು ಚೆನ್ನಾಗಿ ಕಾಣುತ್ತೋ, ಇದೋ?’ ಎಂದು ಕೇಳುತ್ತಾರಲ್ಲ, ಅದೇ ತಾಳ್ಮೆಯಲ್ಲಿ ‘ಹೋಗ್ತೀಯೋ, ಇರ್ತೀಯೋ?’ ಎಂದು ಕೇಳಿದರು. ಕೂಗಾಡಿದ್ದರೆ ಇದ್ದುಬಿಡುತ್ತಿದ್ದೆನೇನೋ. ನಾನು ‘ಎಲ್ಲಿದ್ರೇನು’ ಎಂದೆ. ಅವರು ಕೆಟ್ಟವರಲ್ಲ ಎಂದು ನಿಮಗೂ ಗೊತ್ತು. ನನ್ನನ್ನು ಯಾರೂ ಅಲ್ಲಿಂದ ಅಟ್ಟಲಿಲ್ಲ. ಯಾವುದೂ ಬೇಡವಾಗಿ ಹೊರಟವಳು ನಾನು, ಈ ಊರಿಗೆ ಬಂದ ಮೇಲೂ ಕೆಲವು ತಿಂಗಳು ನನಗೆ ಏನೂ ಬೇಕಾಗಲಿಲ್ಲ. ಆ ಮಾತು ಹನ್ನೆರಡೂ ತುಂಬದ ಮಗುವಿನ ಬಾಯಲ್ಲಿ ಬಂದದ್ದು ಕೇಳಿ ನನಗೆ ಭಯವಾಯಿತು. ಅವಳು ನನ್ನ ಹತ್ತಿರ ಬರಬೇಕು ಎಂಬ ಹಂಬಲ ಈಗಲೂ ಇದೆ. ಬಂದರೆ ನನ್ನ ಮೇಲಿನ ಆಸೆಗೆ ಬರಲಿ. ಎಲ್ಲಿದ್ದರೇನು ಎಂದುಕೊಂಡು ಬಂದ ಮಗುವನ್ನು ನಾನು ಯಾವ ಮಂಚದ ಮೇಲೆ ಮಲಗಿಸಿಕೊಳ್ಳಲಿ?

ನಿಮ್ಮ ವಿಷಯ ಕೇಳಿದೆ. ಹೇಳಲೋ ಬೇಡವೋ ಎಂದು ತಡವರಿಸಿ, ‘ಪಾಪ, ಬಕೆಟ್ ಎತ್ಕೊಂಡು ನೀರು ಬದಲಾಯಿಸ್ತಾನೇ ಇರ್ತಾರೆ. ಸೊಂಟ ನೋವು ಅಂತ ಗೋಡೆ ಹಿಡ್ಕೊಂಡು ನಿಲ್ತಾರೆ’ ಎಂದಳು. ಪಾಪ ಎಂದಳು. ನನ್ನ ಮಗಳು ನನಗೆ ಒಂದು ದಿನವೂ ಪಾಪ ಎಂದವಳಲ್ಲ. ಹೊಟ್ಟೆಕಿಚ್ಚಾಯಿತು, ಬರೆದುಬಿಡುತ್ತೇನೆ. ಬೆಳಿಗ್ಗೆ ಎದ್ದಾಗ ಆ ಕಿಚ್ಚು ಹಾಗೇ ಇತ್ತು, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಮಾತೂ ಕೂತಿತ್ತು. ಬ್ಲೀಚಿಂಗ್ ಪುಡಿಯಲ್ಲಿ ತನ್ನ ಕೊಳ ತೊಳೆದವಳ ಸೊಂಟನೋವನ್ನು ಆ ಮಗು ನೋಡಿ ಇಟ್ಟುಕೊಂಡಿದೆ. ನೀವು ಅವಳ ಎದುರಿಗೆ ಕೆಟ್ಟವರಾಗಿ ಬಾಳಿಲ್ಲ.

ಅವಳು ನಿಮ್ಮನ್ನು ಏನೂ ಕರೆಯುವುದಿಲ್ಲ, ‘ಇಲ್ನೋಡಿ’ ಎಂದು ಮಾತು ಶುರು ಮಾಡುತ್ತಾಳೆ ಎಂದು ಬರೆದಿದ್ದಿರಿ. ನಾನು ಭಾನುವಾರ ಭಾಷೆಯನ್ನು ಬೈದದ್ದು ಅವಸರವಾಯಿತು. ನನಗೂ ನಿಮಗೂ ನಡುವೆ ಪದ ಹುಡುಕಿದೆ, ಅವಳ ಕಡೆಯಿಂದ ಹುಡುಕಲಿಲ್ಲ. ಅಪ್ಪ ಮತ್ತೊಮ್ಮೆ ಕಟ್ಟಿಕೊಂಡವಳು ಮಗುವಿಗೆ ಚಿಕ್ಕಮ್ಮ. ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿಯೂ ಚಿಕ್ಕಮ್ಮ. ಎರಡಕ್ಕೂ ಒಂದೇ ಪದ ಸಾಕು ಎಂದುಕೊಂಡವರು ಯಾವ ಕಾಲದವರೋ, ನಮ್ಮಂಥವರನ್ನು ಕಂಡಿದ್ದರು. ನನ್ನ ಮಗಳು ನಿನ್ನನ್ನು ಚಿಕ್ಕಮ್ಮ ಎಂದ ದಿನ, ನಾನು ಒಪ್ಪಿದರೂ ಬಿಟ್ಟರೂ, ನೀನು ನನಗೆ ತಂಗಿಯಾಗಿಬಿಡುತ್ತೀಯ. ನೋಡು, ಬರೆಯುತ್ತ ಬರೆಯುತ್ತ ನೀನು ಎಂದುಬಿಟ್ಟೆ. ಇನ್ನು ಅದನ್ನು ಹೊಡೆದುಹಾಕುವುದಿಲ್ಲ.

ತಂಗಿ, ಅವಳನ್ನು ಕೊಳದ ಹತ್ತಿರ ಕರೆಯಬೇಡ. ಕರೆದರೆ ಬರುವುದಿಲ್ಲ. ಅವಳು ಕಿಟಕಿಯಿಂದ ನೋಡುವ ಹೊತ್ತಿಗೆ ಬೇಸನ್ನನ್ನು ಒಂದೇ ಸಲಕ್ಕೆ ಕೊಳದ ನಡುವಿನ ಆಳಕ್ಕೆ ಇಳಿಸುವವಳ ಹಾಗೆ ಮಾಡು. ಹೊಸ ಗಿಡವನ್ನು ಮೊದಲು ಇಟ್ಟಿಗೆ ಪೇರಿಸಿ ಅದರ ಮೇಲಿಡಬೇಕು, ಎಲೆ ಮೇಲೆ ಬಂದಂತೆ ಒಂದೊಂದೇ ಇಟ್ಟಿಗೆ ತೆಗೆದು ಆಳಕ್ಕೆ ಕಳಿಸಬೇಕು. ಚಿಕ್ಕಂದಿನಲ್ಲಿ ಇಟ್ಟಿಗೆ ತಂದುಕೊಡುವುದು ಅವಳ ಕೆಲಸವಾಗಿತ್ತು. ಯಾರಾದರೂ ತಪ್ಪು ಮಾಡುವುದನ್ನು ನೋಡಿ ಸುಮ್ಮನಿರುವುದು ಅವಳ ಕೈಲಾಗದು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ. ಓಡಿಬಂದು ಬೈಯುತ್ತಾಳೆ. ಬೈಸಿಕೋ. ಇಟ್ಟಿಗೆ ಎಲ್ಲಿದೆ ಎಂದು ಕೇಳು. ಆಮೇಲೆ ಅವಳು ಹೇಳಿದ ಹಾಗೆ ಮಾಡು. ನನ್ನ ಮಗಳ ಒಳಗೆ ಹೋಗುವ ಬಾಗಿಲು ಇದೊಂದೇ, ಅದನ್ನು ನಿನಗೆ ತೋರಿಸುತ್ತಿದ್ದೇನೆ.

ಮೊದಲ ಎಲೆಗಳು ಕೆಂಪಗೆ, ಸುರುಟಿಕೊಂಡು, ನೀರಿನ ಅಡಿಯಲ್ಲೇ ಇರುತ್ತವೆ. ಸತ್ತಿತು ಎಂದು ಅವಳು ಮುಖ ಸಪ್ಪಗೆ ಮಾಡಿಕೊಂಡರೆ, ನೀನು ಸಮಾಧಾನ ಹೇಳಲು ಹೋಗಬೇಡ, ಪಕ್ಕದಲ್ಲಿ ಕೂತಿರು. ನೀರು ಹಸಿರಾದಾಗ ನಿನ್ನ ಕೈ ತುರಿಸುತ್ತದೆ. ಬಕೆಟ್ಟನ್ನು ಅವಳ ಕೈಗೆ ಕೊಟ್ಟು, ಬಚ್ಚಿಡು ಎನ್ನು. ನಿನ್ನ ಸೊಂಟಕ್ಕೂ ಒಳ್ಳೆಯದು.

ಹೊಸ ಗೆಡ್ಡೆ ಕೊಳ್ಳಬೇಡ. ಈ ಪತ್ರದ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಹಾಕಿ ಒಂದನ್ನು ಕಟ್ಟಿದ್ದೇನೆ. ಬಂದ ದಿನವೇ ಬೇಸನ್ನಿನಲ್ಲಿ ನೆಟ್ಟು, ಕೊಳದ ನೀರು ಸಿದ್ಧವಾಗುವ ತನಕ ಒದ್ದೆಯಾಗಿಡು. ಸುಳಿಗೆ ಬಿಳಿ ದಾರ ಕಟ್ಟಿದ್ದೇನೆ, ಗೊತ್ತಾಗಲಿ ಎಂದು. ಆ ದಾರ ನಿನ್ನ ಕಣ್ಣಿಗೆ ಕಾಣುತ್ತಿರುವ ತನಕ ಸರಿಯಾಗಿ ನೆಟ್ಟಿದ್ದೀಯ ಎಂದರ್ಥ.

ರಜೆಯಲ್ಲಿ ಅವಳನ್ನು ಕೇಳುವ ದಿನ ನಾನು ಬರುತ್ತೇನೆ. ಏನು ಹೇಳಬೇಕೆಂದು ನೀವಿಬ್ಬರೂ ಹೇಳಿಕೊಡಬೇಡಿ, ನಾನೂ ಹೇಳಿಕೊಡುವುದಿಲ್ಲ. ಕೊಳದ ಹತ್ತಿರ ಎಂದರೆ ಆ ಸಲದ ಹಾಗೆ ನಗಲಾರೆ. ಎದ್ದು ಹೊರಗೆ ಹೋದರೆ ತಪ್ಪು ತಿಳಿಯಬೇಡಿ, ಸ್ವಲ್ಪ ಹೊತ್ತಿನಲ್ಲಿ ಒಳಗೆ ಬರುತ್ತೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ತಗಡು ತೆಗೆಸಲು ಮರೆಯಬೇಡ.

ಇಂತಿ ನಿನ್ನ,
ಅಕ್ಕ

ವಿ.ಸೂ.: ಗೆಡ್ಡೆ ಎಲ್ಲಿಂದ ಬಂತೆಂದು ಗೊದಮೊಟ್ಟೆ ಕೇಳಿಯೇ ಕೇಳುತ್ತಾಳೆ. ಅಮ್ಮ ಅಂಗಡಿಯಲ್ಲಿ ಕೊಂಡು ಕಳಿಸಿದಳು ಎಂದು ಹೇಳು. ನನ್ನ ಕ್ವಾರ್ಟರ್ಸಿನ ಹಿಂದೆಯೂ ಒಂದು ಕೊಳವಿದೆ ಎಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅವಳನ್ನು ಎರಡನೆಯ ಸಲ ಕೇಳುವ ಮುಂಚೆ ಒಮ್ಮೆ ಕರೆತಂದು ತೋರಿಸಬೇಕೆಂದು ಈ ಊರಿಗೆ ಬಂದ ವರ್ಷವೇ ತೋಡಿದ್ದು. ಅಲ್ಲಿದ್ದ ನೈದಿಲೆ ಇದೊಂದೇ. ಕಿತ್ತಾಗ ಅದರಲ್ಲಿ ಈ ವರ್ಷದ ಮೊದಲ ಮೊಗ್ಗಿತ್ತು. ಸುಳಿಯ ಪಕ್ಕದಲ್ಲಿ ಹಸಿ ಗಾಯ ಕಂಡರೆ ಹೆದರಬೇಡ, ಮೊಗ್ಗನ್ನು ನಾನೇ ಕತ್ತರಿಸಿದ್ದೇನೆ. ಮೊಗ್ಗು ಹೊತ್ತುಕೊಂಡು ಹೋದ ಗಿಡ ಹೊಸ ಮಣ್ಣಿನಲ್ಲಿ ಬೇರು ಹಿಡಿಯುವುದಿಲ್ಲ.